ಶಾಲೆಯಲ್ಲಿ ಅಸ್ತಮಾ ತುರ್ತು ಸ್ಥಿತಿ: ಇನ್‌ಹೇಲರ್ ಕೊಡುವುದು ಹೇಗೆ, ಕಾನೂನಿನ ಹೊಣೆ ಯಾರದು?

"ನಾವು ಇನ್‌ಹೇಲರ್ ಕೊಟ್ಟು ಏನಾದರೂ ಹೆಚ್ಚುಕಮ್ಮಿ ಆದರೆ ಕೇಸು ನಮ್ಮ ಮೇಲೇ ಬರುತ್ತೆ ಅಲ್ವಾ?"

ಅಸ್ತಮಾ ಇರುವ ಮಕ್ಕಳ ಮಾತು ಬಂದಾಗಲೆಲ್ಲ ಶಿಕ್ಷಕರು ಮೊದಲು ಕೇಳುವುದು ಇದನ್ನೇ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ "ಕೊಡದೇ ಇದ್ದರೆ ಏನಾಗುತ್ತೆ?" ಎಂದು ಕೇಳುವವರು ತುಂಬಾ ಕಡಿಮೆ. ಮಗುವಿಗೂ ಶಾಲೆಗೂ ಅಪಾಯ ಜಾಸ್ತಿ ಇರುವುದು ಅಲ್ಲಿಯೇ. ಔಷಧಿ ತಡವಾಯಿತು, ಬೀರುವಿಗೆ ಬೀಗ ಹಾಕಿತ್ತು, ಆಂಬುಲೆನ್ಸ್ ಕರೆಯದೆ ಅಪ್ಪ ಅಮ್ಮನಿಗೆ ಕಾದು ಕುಳಿತರು: ಶಾಲೆಯನ್ನು ಕಟಕಟೆಗೆ ತಂದು ನಿಲ್ಲಿಸುವುದು ಇಂಥ ಸಂಗತಿಗಳು.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2012ರಲ್ಲಿ ರಾಯನ್ ಗಿಬ್ಬನ್ಸ್ ಎಂಬ 12 ವರ್ಷದ ಹುಡುಗ ಶಾಲೆಯಲ್ಲಿ ಅಸ್ತಮಾ ಹೆಚ್ಚಾಗಿ ತೀರಿಕೊಂಡ. ಅವನ ಇನ್‌ಹೇಲರ್ ಪ್ರಿನ್ಸಿಪಾಲರ ಕೋಣೆಯಲ್ಲಿ ಬೀಗದೊಳಗಿತ್ತು. ಅವನ ತಾಯಿ ಹೋರಾಡಿದರು. 2015ರಲ್ಲಿ ಅಲ್ಲಿ "ರಾಯನ್ ಕಾಯ್ದೆ" ಬಂತು. ಪೋಷಕರ ಅನುಮತಿ ಇದ್ದರೆ ಮಗು ತನ್ನ ಇನ್‌ಹೇಲರ್ ಅನ್ನು ಜೊತೆಯಲ್ಲೇ ಇಟ್ಟುಕೊಳ್ಳಲು ಶಾಲೆ ಬಿಡಲೇಬೇಕು ಎಂದು ಆ ಕಾಯ್ದೆ ಹೇಳುತ್ತದೆ. ಮಗುವಿಗೆ ಅಸ್ತಮಾ ಹೆಚ್ಚಾಗಿದೆ ಎಂದು ನಂಬಲು ಕಾರಣವಿದ್ದರೆ, ಮೊದಲೇ ಅನುಮತಿ ಪಡೆದಿರದಿದ್ದರೂ ಸಿಬ್ಬಂದಿ ಔಷಧಿ ಕೊಡಬಹುದು ಎಂದೂ ಹೇಳುತ್ತದೆ.

ಉಬ್ಬಸ ಶುರುವಾದ ಮಗುವಿನ ಬಾಯಿಗೆ ಒಂದೆರಡು ನಿಮಿಷದೊಳಗೆ ಔಷಧಿ ತಲುಪಬೇಕು. ಹಾಗೆ ತಲುಪಿಸಲು ಶಾಲೆ ಮೊದಲೇ ತಯಾರಾಗಿತ್ತು ಎನ್ನುವುದಕ್ಕೆ ಕಾಗದದಲ್ಲಿ ದಾಖಲೆ ಇರಬೇಕು. ಈ ಎರಡನ್ನೂ ಮಾಡಿಕೊಳ್ಳುವ ದಾರಿ ಮುಂದಿದೆ.

ಹಂತ 1: ಹೊಣೆ ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಳ್ಳಿ

ಮಗು ಶಾಲೆಯ ವಶದಲ್ಲಿರುವಷ್ಟು ಹೊತ್ತು ಅದನ್ನು ನೋಡಿಕೊಳ್ಳುವ ಕರ್ತವ್ಯ ಶಾಲೆಯದು. ಎಷ್ಟರ ಮಟ್ಟಿಗೆ ನೋಡಿಕೊಳ್ಳಬೇಕು? ಇಂಗ್ಲೆಂಡಿನ ವಿಲಿಯಮ್ಸ್ ವಿರುದ್ಧ ಈಡಿ ಪ್ರಕರಣದಲ್ಲಿ 1893ರಲ್ಲೇ ಇದಕ್ಕೊಂದು ಅಳತೆ ಸಿಕ್ಕಿತು. ಜಾಗರೂಕನಾದ ತಂದೆ ತನ್ನ ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ಶಿಕ್ಷಕ ನೋಡಿಕೊಳ್ಳಬೇಕು. ಅಳತೆಯ ವಿವರಗಳು ಆಮೇಲೆ ಬದಲಾಗಿವೆ. ಆದರೆ ತಿಳಿವಳಿಕೆಯುಳ್ಳ, ಜವಾಬ್ದಾರಿಯುಳ್ಳ ದೊಡ್ಡವರೊಬ್ಬರು ಆ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದರು ಎಂದೇ ಇವತ್ತಿಗೂ ಕೇಳುತ್ತಾರೆ.

ನಿರ್ಲಕ್ಷ್ಯ ಎಂದು ಸಾಬೀತಾಗಲು ಸಾಮಾನ್ಯವಾಗಿ ನಾಲ್ಕು ವಿಷಯ ಬೇಕು. ಶಾಲೆಗೆ ಕರ್ತವ್ಯ ಇತ್ತು. ಅದನ್ನು ಪಾಲಿಸಲಿಲ್ಲ. ಮಗುವಿಗೆ ಹಾನಿಯಾಯಿತು. ಆ ಹಾನಿ ಕರ್ತವ್ಯ ತಪ್ಪಿದ್ದರಿಂದಲೇ ಆಯಿತು. ಕರ್ತವ್ಯ ಇತ್ತೋ ಇಲ್ಲವೋ ಎಂಬ ವಾದ ಶಾಲೆಯ ಮಟ್ಟಿಗೆ ನಡೆಯುವುದೇ ಕಷ್ಟ. ಉಳಿದದ್ದೆಲ್ಲ ನಿಂತಿರುವುದು ನೀವು ಏನು ಮಾಡಿದಿರಿ, ಎಷ್ಟು ಹೊತ್ತಿಗೆ ಮಾಡಿದಿರಿ ಎನ್ನುವುದರ ಮೇಲೆ.

ಶಿಕ್ಷಕರು ಒಂದು ವಿಷಯ ತಿಳಿದಿರಬೇಕು. ಕೆಲಸದ ಭಾಗವಾಗಿ ಮಾಡಿದ್ದಕ್ಕೆ ಪರಿಹಾರ ಕೊಡುವ ಹೊಣೆ ಸಾಮಾನ್ಯವಾಗಿ ಕೆಲಸಕ್ಕಿಟ್ಟುಕೊಂಡ ಸಂಸ್ಥೆಯ ಮೇಲೆ ಬೀಳುತ್ತದೆ. ಅದಕ್ಕೇ "ಅಸ್ತಮಾ ಬಂದರೆ ಇನ್‌ಹೇಲರ್ ಕೊಡುವುದು ನಿಮ್ಮ ಕೆಲಸದ ಭಾಗ" ಎಂದು ಆಡಳಿತ ಮಂಡಳಿ ಬರೆದು ಕೊಡಬೇಕು. ಬಾಯಿ ಮಾತು ಸಾಲದು. ಶಾಲೆಯ ವಿಮೆ ಸಿಬ್ಬಂದಿ ಔಷಧಿ ಕೊಡುವುದನ್ನೂ ಒಳಗೊಂಡಿದೆಯೇ ಎಂದು ವಿಮಾ ಕಂಪನಿಯಿಂದ ಲಿಖಿತ ಉತ್ತರ ತರಿಸಿಕೊಳ್ಳಿ.

ಹಂತ 2: ನಿಮ್ಮ ಕಾನೂನು ಏನನ್ನುತ್ತದೆ ಎಂದು ನೋಡಿ

ಇದು ಊರಿಂದೂರಿಗೆ ಬೇರೆ. ಇಂಗ್ಲೆಂಡಿನಲ್ಲಿ 2014ರ ಮಕ್ಕಳ ಮತ್ತು ಕುಟುಂಬಗಳ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಆರೋಗ್ಯ ಸಮಸ್ಯೆ ಇರುವ ಮಕ್ಕಳಿಗೆ ನೆರವಿನ ವ್ಯವಸ್ಥೆ ಮಾಡುವುದು ಶಾಲೆಯ ಕರ್ತವ್ಯ. ಅದೇ ವರ್ಷದ ಅಕ್ಟೋಬರ್ 1ರಿಂದ ಬ್ರಿಟನ್ನಿನ ಶಾಲೆಗಳು ವೈದ್ಯರ ಚೀಟಿ ಇಲ್ಲದೆ ಸಾಲ್ಬುಟಮಾಲ್ (ಉಸಿರನ್ನು ಬೇಗ ಸಡಿಲ ಮಾಡುವ ಔಷಧಿ) ಇನ್‌ಹೇಲರ್ ಕೊಂಡು ತುರ್ತಿಗೆಂದು ಇಟ್ಟುಕೊಳ್ಳಬಹುದು. ಅಮೆರಿಕದಲ್ಲಿ ಮಗು ತನ್ನ ಇನ್‌ಹೇಲರ್ ಜೊತೆಯಲ್ಲಿಟ್ಟುಕೊಂಡು ತಾನೇ ಬಳಸಲು ಎಲ್ಲ ರಾಜ್ಯಗಳೂ ಅವಕಾಶ ಕೊಟ್ಟಿವೆ. ಶಾಲೆಯೇ ಇನ್‌ಹೇಲರ್ ದಾಸ್ತಾನು ಇಡಲು ಅಲ್ಲಿನ ಹಲವು ರಾಜ್ಯಗಳು ಅವಕಾಶ ಕೊಡುತ್ತವೆ. ಇಂಥ ಹಲವು ರಾಜ್ಯಗಳಲ್ಲಿ ಸದ್ಭಾವನೆಯಿಂದ ಔಷಧಿ ಕೊಟ್ಟವರಿಗೆ ಕಾನೂನಿನ ರಕ್ಷಣೆಯೂ ಇದೆ, ಸಾಮಾನ್ಯವಾಗಿ ಘೋರ ನಿರ್ಲಕ್ಷ್ಯಕ್ಕೆ ಮಾತ್ರ ಇಲ್ಲ.

ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 30ನೇ ಸೆಕ್ಷನ್ ನೋಡಿ. ಒಪ್ಪಿಗೆ ಪಡೆಯಲು ಸಮಯವೇ ಇಲ್ಲದ ಹೊತ್ತಿನಲ್ಲಿ, ಒಬ್ಬರ ಒಳಿತಿಗೆಂದು ಸದ್ಭಾವನೆಯಿಂದ ಮಾಡಿದ ಕೆಲಸ ಅಪರಾಧವಲ್ಲ ಎನ್ನುತ್ತದೆ ಅದು. ಇದು ಕ್ರಿಮಿನಲ್ ಕಾನೂನಿನ ರಕ್ಷಣೆ. ಪರಿಹಾರ ಕೇಳುವ ಸಿವಿಲ್ ದಾವೆ ಬೇರೆಯದೇ ಮಾತು, ಎರಡನ್ನೂ ಕಲಸಿಕೊಳ್ಳಬೇಡಿ.

ಒಬ್ಬ ವಕೀಲರನ್ನು ಒಂದು ಗಂಟೆ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ. ನಾವು ಯಾವ ಮಗುವಿನ ಹೆಸರಿಗೂ ಅಲ್ಲದ ಇನ್‌ಹೇಲರ್ ಇಡಬಹುದೇ? ಪೋಷಕರ ಸಹಿ ಇಲ್ಲದ ಮಗುವಿಗೆ ಪ್ರಾಣಾಪಾಯವಾದರೆ ಕೊಡಬಹುದೇ? ಕೊಟ್ಟ ಸಿಬ್ಬಂದಿಗೆ ಯಾವ ರಕ್ಷಣೆ ಇದೆ? ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ.

ಹಂತ 3: ಒಪ್ಪಿಗೆ ಪತ್ರ ಮತ್ತು ಮಗುವಿನ ಅಸ್ತಮಾ ಯೋಜನೆ

"ಏನೇ ಆದರೂ ಶಾಲೆ ಜವಾಬ್ದಾರಿಯಲ್ಲ" ಎಂದು ಪೋಷಕರಿಂದ ಬರೆಸಿಕೊಳ್ಳುವ ಅಭ್ಯಾಸ ಹಲವು ಕಡೆ ಇದೆ. ಅದನ್ನು ನೆಚ್ಚಿಕೊಳ್ಳಬೇಡಿ. ಶಾಲೆಯದೇ ನಿರ್ಲಕ್ಷ್ಯ ಇದ್ದರೆ ಇಂಥ ಕಾಗದಕ್ಕೆ ಬಹಳಷ್ಟು ನ್ಯಾಯಾಲಯಗಳು ಬೆಲೆ ಕೊಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಸಾಲು ಓದಿದ ಪೋಷಕರಿಗೆ ಶಾಲೆ ಕೈ ತೊಳೆದುಕೊಳ್ಳುತ್ತಿದೆ ಅನ್ನಿಸುತ್ತದೆ. ಆಮೇಲೆ ಅವರು ಮಗುವಿನ ಕಾಯಿಲೆಯ ವಿಷಯ ಬಿಚ್ಚಿ ಹೇಳುವುದಿಲ್ಲ.

ಬೇಕಾಗಿರುವುದು ಅನುಮತಿ. ಹೀಗೆ ಸರಳವಾಗಿ ಬರೆಸಿಕೊಳ್ಳಿ:

"ನನ್ನ ಮಗುವಿಗೆ ಅಸ್ತಮಾ ಇದೆ. ಶಾಲೆಯಲ್ಲಿ ಉಬ್ಬಸ ಬಂದರೆ ಮಗುವಿನ ಇನ್‌ಹೇಲರ್ ಕೊಡಲು ಒಪ್ಪಿಗೆ ಇದೆ. ಅದು ಸಿಗದಿದ್ದರೆ, ಖಾಲಿಯಾಗಿದ್ದರೆ ಅಥವಾ ಕೆಲಸ ಮಾಡದಿದ್ದರೆ ಶಾಲೆಯ ತುರ್ತು ಇನ್‌ಹೇಲರ್ ಕೊಡಲೂ ಒಪ್ಪಿಗೆ ಇದೆ. ನನ್ನನ್ನು ಸಂಪರ್ಕಿಸಲು ಆಗದಿದ್ದರೂ ಆಂಬುಲೆನ್ಸ್ ಕರೆಯಬಹುದು."

ಕೊನೆಯ ಸಾಲನ್ನು ಬಿಡಬೇಡಿ. ಸಹಿ ಮಾಡುವ ಹೊತ್ತಿಗೇ ಪೋಷಕರಿಗೆ ಅದು ಮನಸ್ಸಿಗೆ ಹೋಗಿರುತ್ತದೆ. ಆಮೇಲೆ "ನಮ್ಮನ್ನು ಕೇಳದೆ ಯಾಕೆ ಕಳಿಸಿದಿರಿ" ಎಂಬ ಜಗಳ ಏಳುವುದಿಲ್ಲ.

ಅಸ್ತಮಾ ಯೋಜನೆಯನ್ನು ವೈದ್ಯರು ಬರೆದು ಕೊಡಬೇಕು. ಮಗುವಿನ ಫೋಟೊ, ಯಾವುದರಿಂದ ಉಬ್ಬಸ ಶುರುವಾಗುತ್ತದೆ, ಯಾವ ಇನ್‌ಹೇಲರ್, ಎಷ್ಟು ಪಫ್ (ಒಂದು ಸಲ ಒತ್ತಿದಾಗ ಬರುವ ಔಷಧಿ), ಯಾವಾಗ ಆಂಬುಲೆನ್ಸ್, ಮಗುವಿಗೆ ಬೇರೆ ಅಲರ್ಜಿ ಇದೆಯೇ ಎಂಬುದೆಲ್ಲ ಒಂದೇ ಹಾಳೆಯಲ್ಲಿರಲಿ. ಇಲ್ಲೊಂದು ಎಚ್ಚರ ಬೇಕು. ಹೆಚ್ಚಿನ ಮಕ್ಕಳಿಗೆ ತುರ್ತಿನ ಔಷಧಿ ಎಂದರೆ ಸಾಲ್ಬುಟಮಾಲ್, ಅಮೆರಿಕದಲ್ಲಿ ಅದನ್ನೇ ಆಲ್ಬುಟೆರಾಲ್ ಎನ್ನುತ್ತಾರೆ. ಆದರೆ 12 ವರ್ಷ ದಾಟಿದ ಮಕ್ಕಳಲ್ಲಿ ಕೆಲವರಿಗೆ ವೈದ್ಯರು ಫಾರ್ಮೊಟೆರಾಲ್ ಮತ್ತು ಸ್ಟೀರಾಯ್ಡ್ ಸೇರಿದ ಇನ್‌ಹೇಲರ್ ಅನ್ನೇ ತುರ್ತಿಗೂ ಬರೆದಿರುತ್ತಾರೆ. ಹೀಗಾಗಿ "ನೀಲಿ ಬಣ್ಣದ್ದು (ಸಾಲ್ಬುಟಮಾಲ್) ಮಾತ್ರ ತುರ್ತಿಗೆ" ಎಂದು ಕಣ್ಣು ಮುಚ್ಚಿ ನಂಬಬೇಡಿ. ಮಗುವಿನ ಹಾಳೆ ನೋಡಿ. ದಿನಾ ತೆಗೆದುಕೊಳ್ಳಲೆಂದು ಕೊಟ್ಟಿರುವ ಬರೀ ಸ್ಟೀರಾಯ್ಡ್ ಇನ್‌ಹೇಲರ್ ಮಾತ್ರ ಆ ಹೊತ್ತಿನಲ್ಲಿ ಉಸಿರನ್ನು ಸಡಿಲ ಮಾಡುವುದಿಲ್ಲ.

ಹಂತ 4: ತುರ್ತು ಪೆಟ್ಟಿಗೆ

ಕಾನೂನು ಬಿಡುವ ಕಡೆ ಶಾಲೆಯದೇ ಒಂದು ಪೆಟ್ಟಿಗೆ ಇರಲಿ. ಸಾಲ್ಬುಟಮಾಲ್ ಇನ್‌ಹೇಲರ್, ಅದಕ್ಕೆ ಹೊಂದುವ ಕನಿಷ್ಠ ಎರಡು ಸ್ಪೇಸರ್ (ಔಷಧಿ ಬಾಯಿಗೆ ಸರಿಯಾಗಿ ಹೋಗಲು ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ), ಬಳಸುವ ವಿಧಾನದ ಹಾಳೆ, ಒಪ್ಪಿಗೆ ಕೊಟ್ಟ ಮಕ್ಕಳ ಪಟ್ಟಿ, ಬರೆದುಕೊಳ್ಳಲು ಪುಸ್ತಕ, ಪೆನ್ನು. ಚಿಕ್ಕ ಮಕ್ಕಳಿದ್ದರೆ ಮಾಸ್ಕ್ ಇರುವ ಸ್ಪೇಸರ್ ಬೇಕಾಗುತ್ತದೆ.

ಪೆಟ್ಟಿಗೆ ಇಟ್ಟು ಮರೆತರೆ ಅದೇ ಶಾಲೆಗೆ ಮುಳುವಾಗುತ್ತದೆ. "ಇನ್‌ಹೇಲರ್ ಇತ್ತು, ಎಕ್ಸ್‌ಪೈರಿ ಆಗಿತ್ತು" ಎನ್ನುವುದು ಇಲ್ಲದಿರುವುದಕ್ಕಿಂತ ಕೆಟ್ಟ ಉತ್ತರ. ಇಬ್ಬರ ಹೆಸರಿಗೆ ಹೊಣೆ ಹಾಕಿ. ತಿಂಗಳಿಗೊಮ್ಮೆ ಅವರು ಬ್ಯಾಚ್ ಸಂಖ್ಯೆ, ಎಕ್ಸ್‌ಪೈರಿ ದಿನಾಂಕ, ಉಳಿದ ಪಫ್‌ಗಳನ್ನು ನೋಡಿ ಸಹಿ ಹಾಕಲಿ. ಸಾಮಾನ್ಯವಾಗಿ ಒಂದು ಸಾಲ್ಬುಟಮಾಲ್ ಡಬ್ಬಿಯಲ್ಲಿ 200 ಪಫ್ ಇರುತ್ತದೆ. ಅಲುಗಾಡಿಸಿ ಸದ್ದು ಕೇಳಿದರೆ ಎಷ್ಟು ಉಳಿದಿದೆ ಎಂದು ಗೊತ್ತಾಗುವುದಿಲ್ಲ. ಔಷಧಿ ಮುಗಿದ ಮೇಲೂ ಗಾಳಿ ಬುಸ್ ಎಂದು ಬರುತ್ತಲೇ ಇರುತ್ತದೆ. ಹಿಂಬದಿಯಲ್ಲಿ ಎಣಿಕೆ ತೋರಿಸುವ ಕಿಟಕಿ ಇರುವ ಇನ್‌ಹೇಲರ್ ತೆಗೆದುಕೊಂಡರೆ ಈ ತಾಪತ್ರಯ ಇಲ್ಲ.

ಸ್ಪೇಸರ್ ತೊಳೆಯುವುದರಲ್ಲೂ ಒಂದು ಸೂಕ್ಷ್ಮವಿದೆ. ಸೋಪಿನ ನೀರಿನಲ್ಲಿ ತೊಳೆದು ಹಾಗೇ ಗಾಳಿಗೆ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್ ಗೋಡೆಗೆ ಸ್ಥಾಯಿ ವಿದ್ಯುತ್ ಏರುತ್ತದೆ, ಔಷಧಿ ಮಗುವಿನ ಎದೆಗೆ ಹೋಗುವ ಬದಲು ಗೋಡೆಗೆ ಅಂಟಿಕೊಳ್ಳುತ್ತದೆ. ಒಬ್ಬರು ಬಳಸಿದ ಸ್ಪೇಸರ್ ಇನ್ನೊಬ್ಬರಿಗೆ ಬೇಡ, ಆ ಮಗುವಿಗೇ ಕೊಟ್ಟುಬಿಡಿ. ಇನ್‌ಹೇಲರ್ ಆದರೆ ಡಬ್ಬಿ ಹೊರತೆಗೆದು, ಪ್ಲಾಸ್ಟಿಕ್ ಭಾಗವನ್ನು ಬೆಚ್ಚನೆಯ ನೀರಿನಲ್ಲಿ ತೊಳೆದು, ಒಣಗಿಸಿ ಮತ್ತೆ ಬಳಸಬಹುದು.

ಎಲ್ಲಿಡಬೇಕು? ಮಕ್ಕಳ ಆಟಕ್ಕೆ ಸಿಗದಷ್ಟು ಎತ್ತರದಲ್ಲಿ, ದೊಡ್ಡವರ ಕೈಗೆ ತಕ್ಷಣ ಸಿಗುವಂತೆ, ಬಿಸಿಲು ಬೀಳದ ಕಡೆ. ಬೀಗ ಬೇಡ. ಇಂಗ್ಲೆಂಡಿನ ಸರ್ಕಾರಿ ಮಾರ್ಗಸೂಚಿ ಇದನ್ನು ನೇರವಾಗಿ ಹೇಳಿದೆ: ಅಸ್ತಮಾ ಇನ್‌ಹೇಲರ್ ಯಾವಾಗಲೂ ಮಗುವಿಗೆ ಸಿಗುವಂತಿರಬೇಕು, ಬೀಗ ಹಾಕಿಡಬಾರದು. ಕಟ್ಟಡ ದೊಡ್ಡದಿದ್ದರೆ, ಆಟದ ಮೈದಾನ ದೂರವಿದ್ದರೆ ಎರಡನೇ ಪೆಟ್ಟಿಗೆ ಬೇಕು. ಮೈದಾನದ ಕೊನೆಯಿಂದ ಪೆಟ್ಟಿಗೆಯವರೆಗೆ ಒಮ್ಮೆ ಓಡಿ ನೋಡಿ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗೊತ್ತಾಗಲಿ.

ಹಂತ 5: ಎಲ್ಲರಿಗೂ ಗೊತ್ತಿರಲಿ

ಶಾಲೆಯ ನರ್ಸ್ ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಅವರು ರಜೆ ಹಾಕಿದ ದಿನ ಏನು ಗತಿ? ಕ್ಲಾಸ್ ಟೀಚರ್, ಪಿ.ಟಿ. ಟೀಚರ್, ಬಸ್ಸಿನಲ್ಲಿ ಬರುವವರು, ಬದಲಿಗೆ ಬಂದ ಶಿಕ್ಷಕರು, ಆಫೀಸಿನವರು ಎಲ್ಲರಿಗೂ ಮೂರು ವಿಷಯ ಗೊತ್ತಿರಬೇಕು. ಉಬ್ಬಸ ಹೇಗೆ ಕಾಣುತ್ತದೆ, ಪೆಟ್ಟಿಗೆ ಎಲ್ಲಿದೆ, ಯಾರನ್ನು ಕೂಗಬೇಕು. ಕೊಡಲು ಒಪ್ಪಿಕೊಂಡವರಿಗೆ ಆರೋಗ್ಯ ಸಿಬ್ಬಂದಿಯಿಂದ ತರಬೇತಿ ಕೊಡಿಸಿ, ಪ್ರತಿ ವರ್ಷ ಮತ್ತೆ ಕೊಡಿಸಿ. ಬಂದವರ ಸಹಿ, ದಿನಾಂಕ, ಕಲಿಸಿದ ವಿಷಯ ಮೂರೂ ಪುಸ್ತಕದಲ್ಲಿರಲಿ. ಮುಂದೆ ಪ್ರಶ್ನೆ ಎದ್ದರೆ ಶಾಲೆಯ ಪರವಾಗಿ ಮೊದಲು ಮಾತಾಡುವುದು ಈ ಪುಟ.

ಹಂತ 6: ಉಬ್ಬಸ ಬಂದಾಗ

ಮಗು ಕೆಮ್ಮುತ್ತಿದೆ, ಏದುಸಿರು ಬಿಡುತ್ತಿದೆ, ಎದೆಯಿಂದ ಸುಯ್ ಎಂದು ಸದ್ದು ಬರುತ್ತಿದೆ. ಚಿಕ್ಕ ಮಕ್ಕಳು ಕೆಲವೊಮ್ಮೆ "ಹೊಟ್ಟೆ ನೋವು" ಎಂದಷ್ಟೇ ಹೇಳುತ್ತಾರೆ, ಅದನ್ನೂ ಹಗುರ ಮಾಡಬೇಡಿ.

ಮಗುವನ್ನು ಆಫೀಸಿಗೆ ನಡೆಸಿಕೊಂಡು ಹೋಗಬೇಡಿ, ಒಬ್ಬಂಟಿಯಾಗಿ ಬಿಡಬೇಡಿ. ಪೆಟ್ಟಿಗೆ ಮಗುವಿದ್ದಲ್ಲಿಗೆ ಬರಬೇಕು. ಮಲಗಿಸಬೇಡಿ, ನೆಟ್ಟಗೆ, ಸ್ವಲ್ಪ ಮುಂದಕ್ಕೆ ಬಾಗಿ ಕೂರಿಸಿ. ನೀವು ಗಾಬರಿ ತೋರಿಸಬೇಡಿ.

ಇನ್‌ಹೇಲರ್ ಅಲುಗಾಡಿಸಿ. ಬಹಳ ದಿನ ಬಳಸಿರದಿದ್ದರೆ ಮೊದಲು ಎರಡು ಪಫ್ ಗಾಳಿಗೆ ಬಿಡಿ. ಸ್ಪೇಸರ್‌ಗೆ ಸಿಕ್ಕಿಸಿ, ಮಗುವಿನ ತುಟಿ ಅದರ ಸುತ್ತ ಬಿಗಿಯಾಗಿ ಮುಚ್ಚಿರಲಿ. ಒಂದು ಪಫ್ ಒತ್ತಿ, ಮಗು ನಾಲ್ಕೈದು ಸಲ ಮಾಮೂಲಾಗಿ ಉಸಿರಾಡಲಿ. ಸ್ಪೇಸರ್‌ನ ಕವಾಟ ಪ್ರತಿ ಉಸಿರಿಗೂ ಅಲುಗುವುದು ಕಾಣುತ್ತದೆ, ಕೆಲವದರಲ್ಲಿ ಟಿಕ್ ಎಂದು ಕೇಳುತ್ತದೆ. ಅದು ಅಲುಗದಿದ್ದರೆ ತುಟಿ ಸರಿಯಾಗಿ ಮುಚ್ಚಿಲ್ಲ ಎಂದರ್ಥ. ಆಮೇಲೆ ಮುಂದಿನ ಪಫ್. ಎರಡು ಮೂರು ಪಫ್ ಒಟ್ಟಿಗೆ ಒತ್ತಬೇಡಿ, ಒಳಗೆ ಹೋಗುವ ಔಷಧಿ ಕಡಿಮೆಯಾಗುತ್ತದೆ. ಸ್ಪೇಸರ್ ಸಿಗದಿದ್ದರೆ ಅದಕ್ಕಾಗಿ ಕಾಯದೆ ನೇರವಾಗಿ ಬಾಯಿಗೇ ಕೊಡಿ.

ಎಷ್ಟು ಪಫ್? ಮಗುವಿನ ಹಾಳೆ ಹೇಳಿದಷ್ಟು. ಹಾಳೆ ಇಲ್ಲದಿದ್ದರೆ ನಿಮ್ಮ ದೇಶದ ಪ್ರಥಮ ಚಿಕಿತ್ಸೆಯ ಕ್ರಮ. ಆಸ್ಟ್ರೇಲಿಯಾದಲ್ಲಿ ನಾಲ್ಕರ ಲೆಕ್ಕ: 4 ಪಫ್, ಪ್ರತಿ ಪಫ್‌ಗೆ 4 ಉಸಿರು, 4 ನಿಮಿಷ ಕಾಯುವುದು. ಕಡಿಮೆಯಾಗದಿದ್ದರೆ ಮತ್ತೆ 4 ಪಫ್, ಆಗಲೂ ಕಡಿಮೆಯಾಗದಿದ್ದರೆ ಆಂಬುಲೆನ್ಸ್, ಅದು ಬರುವವರೆಗೂ ಇದೇ ಸುತ್ತು. ಬ್ರಿಟನ್ನಿನಲ್ಲಿ 30ರಿಂದ 60 ಸೆಕೆಂಡಿಗೆ ಒಂದರಂತೆ 10 ಪಫ್‌ವರೆಗೆ. ಯಾವುದಾದರೂ ಒಂದನ್ನು ಶಾಲೆ ಮೊದಲೇ ಆರಿಸಿ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಲಿ. ಆ ಗಳಿಗೆಯಲ್ಲಿ ಚರ್ಚೆ ಆಗಬಾರದು.

ಕೆಲವು ಲಕ್ಷಣ ಕಂಡರೆ ಪಫ್ ಎಣಿಸುತ್ತಾ ಕೂರದೆ ಕೂಡಲೇ ತುರ್ತು ಸಂಖ್ಯೆಗೆ ಕರೆ ಮಾಡಿ. ಮಗು ಒಂದು ಪೂರ್ತಿ ವಾಕ್ಯ ಹೇಳಲಾರದು. ತುಟಿ ನೀಲಿ ಅಥವಾ ಬೂದಿ ಬಣ್ಣ, ಕಪ್ಪು ಮೈಬಣ್ಣದ ಮಕ್ಕಳಲ್ಲಿ ಒಸಡು, ನಾಲಿಗೆ, ಉಗುರಿನ ಬುಡ ನೋಡಿ. ಗಂಟಲ ಗುಳಿ, ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಎಳೆಯುತ್ತಿದೆ. ಮಗು ತೂಕಡಿಸುತ್ತಿದೆ. ಎಲ್ಲಕ್ಕಿಂತ ಮೋಸ ಮಾಡುವ ಲಕ್ಷಣ ಇನ್ನೊಂದಿದೆ: ಜೋರಾಗಿ ಬರುತ್ತಿದ್ದ ಸುಯ್ ಸದ್ದು ನಿಂತುಹೋಗುತ್ತದೆ, ಮಗು ಮಾತ್ರ ಸುಸ್ತಾಗುತ್ತಲೇ ಇರುತ್ತದೆ. ಕಡಿಮೆಯಾಯಿತು ಎಂದುಕೊಳ್ಳಬೇಡಿ. ಸದ್ದು ಮಾಡುವಷ್ಟು ಗಾಳಿಯೂ ಓಡಾಡುತ್ತಿಲ್ಲ ಎಂದು ಅದರರ್ಥ. ಕರೆ ಮಾಡಿದ ಮೇಲೂ ಪಫ್ ಕೊಡುವುದನ್ನು ನಿಲ್ಲಿಸಬೇಡಿ.

ತೀವ್ರ ಅಲರ್ಜಿ ಇರುವ ಮಗುವಿಗೆ ಏನೋ ತಿಂದ ಮೇಲೆ ಅಥವಾ ಹುಳ ಕಚ್ಚಿದ ಮೇಲೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅಡ್ರಿನಲಿನ್ ಪೆನ್ (ತೀವ್ರ ಅಲರ್ಜಿಗೆ ಕೊಡುವ ಚುಚ್ಚುಮದ್ದು) ಮೊದಲು, ಇನ್‌ಹೇಲರ್ ಆಮೇಲೆ.

"ಅದು ಅಸ್ತಮಾ ಅಲ್ಲದಿದ್ದರೆ?" ಎಂಬ ಭಯ ಎಲ್ಲರಿಗೂ ಇರುತ್ತದೆ. ಸಾಲ್ಬುಟಮಾಲ್ ಪಫ್‌ನಿಂದ ಸಾಮಾನ್ಯವಾಗಿ ಆಗುವುದು ಸ್ವಲ್ಪ ಕೈ ನಡುಕ, ಎದೆ ಬಡಿತ ಜಾಸ್ತಿಯಾಗುವುದು, ಒಂದಿಷ್ಟು ಚಡಪಡಿಕೆ. ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಉಸಿರು ಕಟ್ಟಿದ ಮಗುವಿಗೆ ಕೊಡದೆ ಇರುವುದರ ಅಪಾಯವನ್ನು ಇದರ ಪಕ್ಕ ಇಟ್ಟು ನೋಡಿ. ನನ್ನ ಪ್ರಕಾರ ಶಿಕ್ಷಕರ ತರಬೇತಿಯಲ್ಲಿ ಮೊದಲು ಹೇಳಬೇಕಾದ ಮಾತು ಇದು.

ಹೆಸರೇ ಪಟ್ಟಿಯಲ್ಲಿಲ್ಲದ ಮಗುವಿಗೆ ಹೀಗಾದರೆ ತುರ್ತು ಸಂಖ್ಯೆಗೆ ಕರೆ ಮಾಡಿ, ನಮ್ಮಲ್ಲಿ ಸಾಲ್ಬುಟಮಾಲ್ ಇದೆ ಎಂದು ಹೇಳಿ, ಅವರು ಹೇಳಿದಂತೆ ಮಾಡಿ. ಯಾರು ಹೇಳಿದರು, ಎಷ್ಟು ಗಂಟೆಗೆ ಎಂದು ಬರೆದಿಡಿ.

ಹಂತ 7: ಬರೆದಿಡುವುದು

ಅದೇ ದಿನ, ನೆನಪು ಹಸಿಯಾಗಿರುವಾಗಲೇ ಬರೆಯಿರಿ. ಒಳ್ಳೆಯ ದಾಖಲೆ ಹೀಗಿರುತ್ತದೆ:

"11.20: ಓಟದ ನಂತರ ಕೆಮ್ಮು, ಏದುಸಿರು. ಕೂರಿಸಲಾಯಿತು. 11.21: ಮಗುವಿನ ಇನ್‌ಹೇಲರ್‌ನಲ್ಲಿ ಎಣಿಕೆ ಸೊನ್ನೆ. 11.22: ಶಾಲೆಯ ಇನ್‌ಹೇಲರ್‌ನಿಂದ ಸ್ಪೇಸರ್ ಮೂಲಕ 4 ಪಫ್. 11.28: ಪೂರ್ತಿ ವಾಕ್ಯ ಮಾತಾಡಿತು, ಉಸಿರು ಸರಾಗ. 11.35: ತಾಯಿಗೆ ಫೋನ್, ಇವತ್ತೇ ವೈದ್ಯರಿಗೆ ತೋರಿಸಲು ತಿಳಿಸಲಾಯಿತು."

ಕಂಡಿದ್ದು, ಮಾಡಿದ್ದು, ಹೊತ್ತು. ಇಷ್ಟೇ ಸಾಕು. "ಮಗು ಸುಮ್ನೆ ಗಾಬರಿಯಾಗಿತ್ತು" ಎಂಬಂಥ ಊಹೆ ಬೇಡ. ಪೋಷಕರಿಗೆ ಫೋನಿನ ಜೊತೆಗೆ ಒಂದು ಚೀಟಿಯನ್ನೂ ಕಳಿಸಿ.

ಎಲ್ಲಾದರೂ ತಪ್ಪಾಗಿದ್ದರೆ ದಾಖಲೆ ತಿದ್ದಬೇಡಿ. ಬಿಟ್ಟುಹೋದದ್ದನ್ನು ಕೆಳಗೆ ಹೊಸ ಸಾಲಾಗಿ, ದಿನಾಂಕ ಮತ್ತು ಸಹಿಯೊಂದಿಗೆ ಸೇರಿಸಿ. ಆಮೇಲೆ ತಿದ್ದಿದ ಒಂದು ಸಾಲು ಇಡೀ ಪುಸ್ತಕದ ಮೇಲಿನ ನಂಬಿಕೆಯನ್ನೇ ಕೆಡಿಸುತ್ತದೆ. ಬಳಸಿದ ಇನ್‌ಹೇಲರ್, ಕರೆಗಳ ವಿವರ, ಕ್ಯಾಮೆರಾ ದೃಶ್ಯ ಎಲ್ಲವನ್ನೂ ತೆಗೆದಿಡಿ. ವಿಮಾ ಕಂಪನಿಗೆ ತಕ್ಷಣ ತಿಳಿಸಿ. ಪೋಷಕರ ಜೊತೆ ಮಾತು ಮಾತ್ರ ನಿಲ್ಲಿಸಬೇಡಿ. ಏನು ನಡೆಯಿತು ಎಂದು ತಿಳಿಯುವ ಹಕ್ಕು ಅವರಿಗಿದೆ.

ಹಂತ 8: ಶಾಲೆಯ ಗೇಟಿನ ಹೊರಗೆ

ಪ್ರವಾಸ, ಪಂದ್ಯಾವಳಿ, ಬೇರೆ ಕೇಂದ್ರದಲ್ಲಿ ಪರೀಕ್ಷೆ. ವ್ಯವಸ್ಥೆ ಸಡಿಲವಾಗುವುದು ಇಲ್ಲಿಯೇ. ಹೊರಡುವ ಮುಂಚೆ ಹಾಜರಿ ಕರೆಯುವಾಗ ಅಸ್ತಮಾ ಇರುವ ಮಗು ಇನ್‌ಹೇಲರ್ ಅನ್ನು ಕೈಯಲ್ಲಿ ಎತ್ತಿ ತೋರಿಸಲಿ. ಒಂದು ತುರ್ತು ಪೆಟ್ಟಿಗೆ ಬಸ್ಸಿನಲ್ಲಿರಲಿ, ಇನ್ನೊಂದು ಶಾಲೆಯಲ್ಲೇ ಉಳಿಯಲಿ. ಅಸ್ತಮಾ ಇದೆ ಎಂದು ಮಗುವನ್ನು ಪ್ರವಾಸದಿಂದ ಬಿಟ್ಟುಬಿಡುವುದು ಪರಿಹಾರವಲ್ಲ. ಹಲವು ದೇಶಗಳಲ್ಲಿ ಅದೇ ತಾರತಮ್ಯದ ದೂರಿಗೆ ಕಾರಣವಾಗುತ್ತದೆ.

ಪೋಷಕರಿಗೆ

ಶಾಲೆ ತಯಾರಿದ್ದರೂ ನಿಮ್ಮ ಪಾಲು ಉಳಿಯುತ್ತದೆ. ಹೆಸರು ಬರೆದ ಇನ್‌ಹೇಲರ್ ಒಂದು ಮಗುವಿನ ಬ್ಯಾಗಿನಲ್ಲಿ, ಇನ್ನೊಂದು ಶಾಲೆಯಲ್ಲಿ ಇರಲಿ. ವೈದ್ಯರು ಔಷಧಿ ಬದಲಿಸಿದ ದಿನವೇ ಹೊಸ ಹಾಳೆ ಕೊಡಿ. ಮಗುವಿಗೆ ತಾನೇ ತೆಗೆದುಕೊಳ್ಳುವುದು ಬರುತ್ತದೆಯೇ ಎಂದು ವೈದ್ಯರ ಮುಂದೆ ಮಾಡಿಸಿ ನೋಡಿ. ಶಾಲೆಯಲ್ಲಿ ಇನ್‌ಹೇಲರ್ ಪದೇ ಪದೇ ಬೇಕಾಗುತ್ತಿದ್ದರೆ ಅಸ್ತಮಾ ಹತೋಟಿಯಲ್ಲಿಲ್ಲ ಎಂದರ್ಥ, ವೈದ್ಯರಿಗೆ ಮತ್ತೆ ತೋರಿಸಿ. ಶಾಲೆ ಬೀಗ ಹಾಕಿಡುತ್ತೇವೆ ಎಂದರೆ ಒಪ್ಪಬೇಡಿ. ವೈದ್ಯರಿಂದ "ಮಗುವಿನ ಕೈಗೆ ತಕ್ಷಣ ಸಿಗಬೇಕು" ಎಂದು ಬರೆಸಿ, ಆ ಪತ್ರವನ್ನು ಮುಖ್ಯೋಪಾಧ್ಯಾಯರಿಗೆ ಕೊಟ್ಟು, ತಲುಪಿದ್ದಕ್ಕೆ ಸಹಿ ಮತ್ತು ದಿನಾಂಕ ಹಾಕಿಸಿಕೊಂಡ ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.